ನಾಯಿ ಸತ್ತರೆ ಮನೆಯ ಗಂಡಾಂತರ ಕಳೆಯಿತು ಅಂತಾರಲ್ಲ, ನಿಜವೇ?

ಈ ಸಂದೇಶ ನಿಮ್ಮ ಮೊಬೈಲಿಗೂ ಬಂದಿರಬಹುದು. ಒಂದು ನಾಯಿಯ ಫೋಟೊ, ಪಕ್ಕದಲ್ಲಿ ದೀಪ, ಕೆಳಗೆ ನಾಲ್ಕು ಸಾಲು: ಸಾಕಿದ ನಾಯಿ ಇದ್ದಕ್ಕಿದ್ದಂತೆ ಸತ್ತರೆ ಅಳಬೇಡಿ, ಮನೆಯವರಿಗೆ ಬರಬೇಕಿದ್ದ ಗಂಡಾಂತರವನ್ನು ಅದು ತನ್ನ ಮೇಲೆ ಎಳೆದುಕೊಂಡು ಹೋಗಿದೆ, ಕನಿಷ್ಠ ಹತ್ತು ಜನರಿಗೆ ಕಳಿಸಿ. ನಾಯಿಯನ್ನು ಕಳೆದುಕೊಂಡ ಮನೆಯ ಗ್ರೂಪಿಗೆ ಇದು ಸಾಮಾನ್ಯವಾಗಿ ಅದೇ ದಿನ ಸಂಜೆಯೊಳಗೆ ಬಂದುಬಿಡುತ್ತದೆ. ಕಳಿಸಿದವರಿಗೆ ಕೆಟ್ಟ ಉದ್ದೇಶ ಇರುವುದಿಲ್ಲ. ಸಮಾಧಾನ ಹೇಳಬೇಕು, ಏನು ಹೇಳಬೇಕೆಂದು ತೋಚುವುದಿಲ್ಲ, ಅಷ್ಟೆ.

ನಮ್ಮ ಬರಹಗಾರರ ಬಳಗದಲ್ಲೊಬ್ಬರ ಮನೆಗೂ ಇದು ಬಂತು. ಅವರ ನಾಯಿಯ ಹೆಸರು ಕರಿಯ. ಒಂದೂವರೆ ವರ್ಷದ ನಾಟಿ ನಾಯಿ. ಬೆಳಿಗ್ಗೆ ಹಾಲಿನವನ ಸೈಕಲ್ ಬೆಲ್ ಕೇಳಿದರೆ ಗೇಟಿನ ತನಕ ಓಡುತ್ತಿತ್ತು, ಮನೆಯ ಅಜ್ಜನ ಜೊತೆ ಜಗಲಿಯಲ್ಲಿ ಕೂತು ಪೇಪರ್ ಓದುವವರಂತೆ ನಟಿಸುತ್ತಿತ್ತು. ಕಳೆದ ಮಳೆಗಾಲದಲ್ಲಿ ಅಜ್ಜನಿಗೆ ಎದೆನೋವು ಬಂದು ಆಸ್ಪತ್ರೆ ಸೇರಿದರು, ಆಪರೇಷನ್ ಆಯಿತು. ಅದೇ ವಾರ ಕರಿಯ ಊಟ ಬಿಟ್ಟ, ವಾಂತಿ ಮಾಡಿದ, ರಕ್ತಭೇದಿ ಶುರುವಾಯಿತು, ಮೂರನೇ ದಿನ ಹೋಗಿಯೇಬಿಟ್ಟ. ಅಜ್ಜ ಗುಣವಾಗಿ ಮನೆಗೆ ಬಂದರು. ಇನ್ನೇನು ಬೇಕು? ಬಂದವರೆಲ್ಲ ಒಂದೇ ಮಾತು ಹೇಳಿದರು: ಅಜ್ಜನದ್ದನ್ನು ಅವನು ತಗೊಂಡು ಹೋದ.

ಅಜ್ಜನಿಗೆ ಬೇಜಾರು ಕಳೆಯಲಿ ಎಂದು ಎರಡು ವಾರದ ಮೇಲೆ ಒಂದು ಮರಿ ತಂದರು. ಕರಿಯ ಮಲಗುತ್ತಿದ್ದ ಗೋಣಿತಾಟಿನ ಮೇಲೇ ಅದನ್ನು ಮಲಗಿಸಿದರು, ಅವನ ತಟ್ಟೆಯಲ್ಲೇ ಹಾಲು ಹಾಕಿದರು. ಎಂಟನೇ ದಿನ ಆ ಮರಿಯೂ ಅದೇ ರೀತಿ ಸತ್ತಿತು.

ಈ ಸಲ ಗಂಡಾಂತರದ ಮಾತು ಯಾರೂ ಎತ್ತಲಿಲ್ಲ.

ಹಾಗಾದರೆ ಕರಿಯ ಸತ್ತದ್ದು ಯಾಕೆ?

ಲಕ್ಷಣ ಕೇಳಿದರೆ ಪಶುವೈದ್ಯರಿಗೆ ಮೊದಲು ಅನುಮಾನ ಬರುವುದು ಪಾರ್ವೊ ವೈರಸ್ ಮೇಲೆ. ಮರಿಯ ಮಲ ಪರೀಕ್ಷೆ ಮಾಡಿಸಿದಾಗ ಬಂದ ಉತ್ತರವೂ ಅದೇ. ನಾಯಿಗಳಿಗೆ ತಗಲುವ ಈ ವೈರಸ್ ಮೊದಲು ಪತ್ತೆಯಾದದ್ದು 1978ರಲ್ಲಿ. ಎರಡೇ ವರ್ಷದಲ್ಲಿ ಜಗತ್ತೆಲ್ಲ ಹರಡಿತು. ಇದು ಕರುಳಿನ ಒಳಪದರದ ಜೀವಕೋಶಗಳನ್ನು ಹಾಳುಮಾಡುತ್ತದೆ, ಮೂಳೆಮಜ್ಜೆಯಲ್ಲಿ ಬಿಳಿರಕ್ತಕಣ ತಯಾರಾಗುವುದನ್ನೂ ಕುಗ್ಗಿಸುತ್ತದೆ. ನೀರು, ಉಪ್ಪಿನಂಶ, ರಕ್ತ ಎಲ್ಲ ಸೋರಿಹೋಗುತ್ತವೆ, ಹರಿದ ಕರುಳಿನಿಂದ ಬ್ಯಾಕ್ಟೀರಿಯಾಗಳು ರಕ್ತಕ್ಕೆ ನುಗ್ಗುತ್ತವೆ. ಮರಿಗಳಿಗೆ ಅಪಾಯ ಹೆಚ್ಚು, ಆದರೆ ಲಸಿಕೆಯ ಸರಣಿ ಮುಗಿಸದ ದೊಡ್ಡ ನಾಯಿಗೂ ಬರಬಹುದು. ಕರಿಯನಿಗೆ ಮರಿಯಿದ್ದಾಗ ಒಂದು ಸೂಜಿ ಹಾಕಿಸಿದ್ದರು. ಒಂದು ಸಾಲದು. ಆರರಿಂದ ಎಂಟು ವಾರಕ್ಕೆ ಶುರುಮಾಡಿ, ಮೂರು ನಾಲ್ಕು ವಾರಕ್ಕೊಮ್ಮೆ, ಹದಿನಾರು ವಾರ ತುಂಬುವವರೆಗೆ ಹಾಕಿಸಬೇಕು. ತಾಯಿಯ ಹಾಲಿನಿಂದ ಬಂದ ರಕ್ಷಣೆ ಮರಿಯ ಮೈಯಲ್ಲಿ ಇರುವಷ್ಟು ದಿನ ಲಸಿಕೆಗೆ ಸರಿಯಾಗಿ ಕೆಲಸ ಮಾಡಲು ಬಿಡುವುದಿಲ್ಲ. ಅದು ಯಾವಾಗ ಇಳಿಯುತ್ತದೆ ಎಂಬುದು ಒಂದೊಂದು ಮರಿಗೆ ಒಂದೊಂದು ಥರ. ಅದಕ್ಕೇ ಮತ್ತೆ ಮತ್ತೆ ಹಾಕುವುದು.

ಇನ್ನು ಮರಿ ಯಾಕೆ ಸತ್ತಿತು? ಪಾರ್ವೊ ವೈರಸ್‌ನ ಹಠಮಾರಿತನ ಇರುವುದೇ ಇಲ್ಲಿ. ನಾಯಿ ಸತ್ತ ಮೇಲೂ ಅದರ ಮಲ ಬಿದ್ದ ಜಾಗ, ಹಾಸಿಗೆ, ತಟ್ಟೆ, ನಮ್ಮ ಚಪ್ಪಲಿಯಲ್ಲಿ ಈ ವೈರಸ್ ತಿಂಗಳುಗಟ್ಟಲೆ ಉಳಿಯುತ್ತದೆ. ನೆರಳಿನ ಒದ್ದೆ ಮಣ್ಣಿನಲ್ಲಿ ಇನ್ನೂ ಹೆಚ್ಚು ಕಾಲ. ಫಿನೈಲ್ ಹಾಕಿ ಒರೆಸಿದೆವು ಎಂದರೆ ಸಾಕಾಗುವುದಿಲ್ಲ. ಮೊದಲು ಸೋಪುನೀರಿನಲ್ಲಿ ಕೊಳೆ ತೆಗೆಯಬೇಕು. ಆಮೇಲೆ ಮನೆಬಳಕೆಯ ದ್ರವ ಬ್ಲೀಚ್ ಒಂದು ಪಾಲಿಗೆ 30 ಪಾಲು ನೀರು ಸೇರಿಸಿ, ಆ ಜಾಗ ಹತ್ತು ನಿಮಿಷ ಒದ್ದೆಯಾಗಿರುವಂತೆ ಬಿಡಬೇಕು. ಬ್ಲೀಚಿಗೆ ಬೇರೆ ಟಾಯ್ಲೆಟ್ ಕ್ಲೀನರ್, ಆಸಿಡ್ ಯಾವುದನ್ನೂ ಬೆರೆಸಬೇಡಿ, ವಿಷಾನಿಲ ಬರುತ್ತದೆ. ಗೋಣಿತಾಟು, ಹಳೇ ಬೆಡ್‌ಶೀಟನ್ನು ಸುಟ್ಟುಬಿಡುವುದೇ ಒಳ್ಳೆಯದು. ಅಂಗಳದ ಮಣ್ಣಿಗೆ ಬ್ಲೀಚ್ ಹೆಚ್ಚು ಕೆಲಸ ಮಾಡುವುದಿಲ್ಲ. ಹಾಗಾಗಿ ಇಂಥ ಮನೆಗೆ ಮುಂದಿನ ನಾಯಿ ಬರುವುದಾದರೆ ಲಸಿಕೆ ಪೂರ್ತಿ ಮುಗಿಸಿದ, ಸ್ವಲ್ಪ ದೊಡ್ಡದೇ ಬರಲಿ. ಈ ವೈರಸ್ ಮನುಷ್ಯರಿಗೆ ಬರುವುದಿಲ್ಲ, ಆ ಭಯ ಬೇಡ.

ಗಂಡಾಂತರದ ನಂಬಿಕೆ ಇಷ್ಟು ಗಟ್ಟಿಯಾಗಿ ಕೂರಲು ಕಾರಣವಿದೆ. ಒಂದು ಮನೆಯಲ್ಲಿ ವರ್ಷಕ್ಕೆ ಏನಾದರೊಂದು ಆಗುತ್ತಲೇ ಇರುತ್ತದೆ. ಯಾರಿಗೋ ಜ್ವರ, ಯಾರೋ ಬೈಕಿಂದ ಬಿದ್ದರು, ಯಾರದೋ ಪರೀಕ್ಷೆ, ಯಾರದೋ ಆಪರೇಷನ್. ನಾಯಿ ಯಾವ ವಾರ ಸತ್ತರೂ ಪಕ್ಕದಲ್ಲಿ ಜೋಡಿಸಲು ಒಂದು ಘಟನೆ ಸಿಗುತ್ತದೆ. ನಾಯಿ ಸತ್ತ ಮೇಲೂ ಮನೆಯವರಿಗೆ ಕಷ್ಟ ಬಂದ ಉದಾಹರಣೆಗಳನ್ನು ಯಾರೂ ಫಾರ್ವರ್ಡ್ ಮಾಡುವುದಿಲ್ಲ. ನಂಬಿಕೆಯಿಂದ ಸಮಾಧಾನ ಸಿಕ್ಕಿದರೆ ಅದನ್ನು ಕಿತ್ತುಕೊಳ್ಳುವ ಆಸೆ ನಮಗಿಲ್ಲ. ನಮ್ಮ ತಕರಾರು ಒಂದೇ. ಸಾವಿಗೆ ಕಾರಣ ಸಿಕ್ಕಿಬಿಟ್ಟಿತು ಎಂದುಕೊಂಡ ಮನೆಯಲ್ಲಿ ನಿಜವಾದ ಕಾರಣವನ್ನು ಯಾರೂ ಹುಡುಕುವುದಿಲ್ಲ. ಆ ಮರಿಗೆ ಆದದ್ದು ಅದೇ.

ಸಮಾಧಾನಕ್ಕಿಂತ ಮೊದಲು ಕೇಳಬೇಕಾದ ಒಂದು ಪ್ರಶ್ನೆ

ನಾಯಿ ಸಾಯುವ ಮುಂಚೆ ಅದರ ನಡತೆ ಬದಲಾಗಿತ್ತೇ? ಕಾರಣವಿಲ್ಲದೆ ಕಚ್ಚಲು ಬಂತೇ, ಅಥವಾ ಮಂಕಾಗಿ ಮೂಲೆ ಸೇರಿತೇ? ಬಾಯಿಂದ ಜೊಲ್ಲು, ನುಂಗಲು ಕಷ್ಟ, ದನಿ ಬದಲಾಗುವುದು, ಹಿಂಗಾಲು ಸೋಲುವುದು, ಆಮೇಲೆ ಕೆಲವೇ ದಿನಗಳಲ್ಲಿ ಸಾವು, ಹೀಗಿದ್ದರೆ ಅದು ರೇಬಿಸ್ ಇರಬಹುದು. ರೇಬಿಸ್ ಬಂದ ನಾಯಿ ಯಾವಾಗಲೂ ಹುಚ್ಚೆದ್ದು ಓಡಾಡುವುದಿಲ್ಲ. ಸುಮ್ಮನೆ ಮಲಗಿ ಸಾಯುವುದೂ ಇದೆ. ಇದರಲ್ಲಿ ಸಿಕ್ಕಿಬೀಳುವುದು ನಾಯಿಯನ್ನು ಹೆಚ್ಚು ಪ್ರೀತಿಸಿದವರೇ. ಗಂಟಲಲ್ಲಿ ಎಲುಬು ಸಿಕ್ಕಿದೆ ಎಂದು ಬಾಯಿಗೆ ಕೈಹಾಕಿದವರು, ಚಮಚದಲ್ಲಿ ನೀರು ಕುಡಿಸಿದವರು, ಮುಖ ನೆಕ್ಕಿಸಿಕೊಂಡ ಮಕ್ಕಳು.

ಕಚ್ಚಿದ್ದರೆ, ಪರಚಿದ್ದರೆ, ಗಾಯಕ್ಕೆ ಅಥವಾ ಕಣ್ಣು, ಬಾಯಿಗೆ ಜೊಲ್ಲು ತಗುಲಿದ್ದರೆ ಗಾಯವನ್ನು ಹರಿಯುವ ನೀರು ಮತ್ತು ಸೋಪಿನಲ್ಲಿ 15 ನಿಮಿಷ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಿ. ಹಿಂದಿನ ವಾರ ಆದದ್ದು ಈಗ ನೆನಪಾದರೂ ಹೋಗಿ. ಸರ್ಕಾರಿ ಆಸ್ಪತ್ರೆಗಳಲ್ಲಿ ಲಸಿಕೆ ಉಚಿತ. ರೋಗಲಕ್ಷಣ ಶುರುವಾದ ಮೇಲೆ ರೇಬಿಸ್‌ಗೆ ಚಿಕಿತ್ಸೆ ಇಲ್ಲವೆಂದೇ ಹೇಳಬೇಕು. ಅದಕ್ಕೆ ಮುಂಚೆ ಸರಿಯಾಗಿ ಲಸಿಕೆ ಪಡೆದರೆ ತಡೆಯಬಹುದು. ಗಾಯವಿಲ್ಲದ ಚರ್ಮದ ಮೇಲೆ ಮುಟ್ಟಿದ್ದರೆ, ಮೈ ಸವರಿದ್ದರೆ ಅಪಾಯವಿಲ್ಲ. ಸತ್ತ ನಾಯಿಗೆ ರೇಬಿಸ್ ಇತ್ತೇ ಎಂದು ಮೆದುಳಿನ ಪರೀಕ್ಷೆಯಿಂದ ತಿಳಿಯಬಹುದು. ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಅದಕ್ಕೆ ಪ್ರಯೋಗಾಲಯವಿದೆ. ನಿಮ್ಮ ಊರಿನ ಪಶುವೈದ್ಯರನ್ನು ಕೇಳಿದರೆ ದಾರಿ ಹೇಳುತ್ತಾರೆ. ಆದರೆ ಪರೀಕ್ಷೆಯ ಉತ್ತರ ಬರಲಿ ಎಂದು ಲಸಿಕೆ ಹಾಕಿಸಿಕೊಳ್ಳುವುದನ್ನು ಮುಂದೂಡಬೇಡಿ.

ಸಾವು ಗೊತ್ತಾಗಿಯೇ ಮನೆ ಬಿಟ್ಟು ಹೋಯಿತೇ?

ಇದು ಹಳ್ಳಿಗಳಲ್ಲಿ ಹೆಚ್ಚು ಕೇಳಿಬರುವ ಮಾತು. ನಮ್ಮವರ ಮುಂದೆ ಸಾಯಬಾರದು ಎಂದು ನಾಯಿ ದೂರ ಹೋಗುತ್ತದಂತೆ. ಕಾಯಿಲೆ ಬಿದ್ದ ಪ್ರಾಣಿಗಳು ಗದ್ದಲದಿಂದ ದೂರ, ತಂಪಾದ ಕತ್ತಲ ಜಾಗ ಹುಡುಕಿ ಮಲಗುವುದು ಸಹಜ. ಜ್ವರ ಬಂದಾಗ ನಾವೂ ಬಾಗಿಲು ಹಾಕಿಕೊಂಡು ಮಲಗುವುದಿಲ್ಲವೇ? ವಯಸ್ಸಾದ ನಾಯಿಗಳಿಗೆ ಮನುಷ್ಯರ ಮರೆಗುಳಿತನದಂಥದೇ ಕಾಯಿಲೆ ಬರುತ್ತದೆ. ಗೊತ್ತಿರುವ ದಾರಿಯೇ ತಪ್ಪುತ್ತದೆ, ಗೋಡೆಯ ಮೂಲೆಯಲ್ಲಿ ಸಿಕ್ಕಿಕೊಂಡು ನಿಲ್ಲುತ್ತದೆ, ಹೊರಗೆ ಹೋದರೆ ವಾಪಸ್ ಬರಲು ಗೊತ್ತಾಗುವುದಿಲ್ಲ. ಆದ್ದರಿಂದ ಮುದಿ ನಾಯಿ ಕಾಣೆಯಾದರೆ ಹೋಗಲಿ ಬಿಡಿ ಎನ್ನದೆ ಹುಡುಕಿ. ಹಿತ್ತಲ ಸೌದೆ ರಾಶಿಯ ಹಿಂದೆ, ಮೋರಿಯ ಪಕ್ಕ, ನಿಂತ ಕಾರಿನ ಕೆಳಗೆ. ಬದುಕಿಯೇ ಸಿಕ್ಕಬಹುದು.

ಇಂಜೆಕ್ಷನ್ ಕೊಡಿಸಿದವರ ಪಾಪಪ್ರಜ್ಞೆ

ನಮಗೆ ಬರುವ ಪ್ರಶ್ನೆಗಳಲ್ಲಿ ಉತ್ತರಿಸಲು ಕಷ್ಟವಾಗುವುದು ಇದು. ಗುಣವಾಗದ ಕಾಯಿಲೆ, ತಡೆಯಲಾಗದ ನೋವು, ವೈದ್ಯರ ಸಲಹೆಯ ಮೇಲೆ ದಯಾಮರಣದ ಇಂಜೆಕ್ಷನ್ ಕೊಡಿಸಿದ್ದಾರೆ. ಆಮೇಲೆ ಯಾರೋ ಕಳಿಸಿದ ವಿಡಿಯೊ ನೋಡಿದ್ದಾರೆ. ಅದರಲ್ಲಿ ನಾಯಿಗೆ ಕೊನೆಯವರೆಗೂ ಎಚ್ಚರ ಇರುತ್ತದೆ, ಉಸಿರು ಕಟ್ಟಿ ಸಾಯುತ್ತದೆ ಎಂದಿದೆ. ಅವರು ರಾತ್ರಿ ನಿದ್ದೆ ಮಾಡುತ್ತಿಲ್ಲ.

ನಡೆಯುವುದು ಹೀಗೆ. ಸಾಮಾನ್ಯವಾಗಿ ಮೊದಲು ಶಾಂತವಾಗಲು ಒಂದು ಮದ್ದು ಕೊಡುತ್ತಾರೆ. ನಂತರ ರಕ್ತನಾಳಕ್ಕೆ ಕೊಡುವುದು ಬಾರ್ಬಿಚುರೇಟ್ ಗುಂಪಿನ ಮದ್ದು. ಆಪರೇಷನ್‌ಗೆ ಪ್ರಜ್ಞೆ ತಪ್ಪಿಸಲು ಬಳಸುತ್ತಿದ್ದ ಮದ್ದಿನ ಬಂಧುವೇ, ಪ್ರಮಾಣ ಮಾತ್ರ ಬಹಳ ಹೆಚ್ಚು. ಅದು ಮೊದಲು ಮುಟ್ಟುವುದು ಮೆದುಳನ್ನು. ಕೆಲವೇ ಸೆಕೆಂಡುಗಳಲ್ಲಿ ಪ್ರಜ್ಞೆ ಹೋಗುತ್ತದೆ. ಉಸಿರಾಟ, ಹೃದಯ ನಿಲ್ಲುವುದು ಅದಾದ ಮೇಲೆ. ಕಣ್ಣು ತೆರೆದೇ ಇರುತ್ತದೆ, ಏಕೆಂದರೆ ರೆಪ್ಪೆ ಮುಚ್ಚಿಕೊಂಡಿರಲೂ ಸ್ನಾಯುವಿನ ಹಿಡಿತ ಬೇಕು. ಹೃದಯ ನಿಂತ ಮೇಲೆ ಒಂದೆರಡು ಸಲ ಜೋರಾಗಿ ಉಸಿರು ಎಳೆದಂತೆ ಆಗಬಹುದು, ಕಾಲು ಅದುರಬಹುದು, ಮೂತ್ರ ಹೋಗಬಹುದು. ಎದುರು ನಿಂತವರಿಗೆ ಅದು ಒದ್ದಾಟದಂತೆ ಕಾಣುತ್ತದೆ. ಆದರೆ ಆ ಹೊತ್ತಿಗೆ ನೋವನ್ನು ಅರಿಯುವ ಮೆದುಳು ಕೆಲಸ ನಿಲ್ಲಿಸಿ ಆಗಿರುತ್ತದೆ. ಇದನ್ನು ಇಂಜೆಕ್ಷನ್‌ಗೆ ಮೊದಲೇ ಎರಡು ನಿಮಿಷ ಕೂರಿಸಿ ಹೇಳುವ ವೈದ್ಯರು ದೊಡ್ಡ ಉಪಕಾರ ಮಾಡುತ್ತಾರೆ. ಎಲ್ಲರೂ ಹೇಳುವುದಿಲ್ಲ, ಹಾಗಾಗಿ ನೀವೇ ಕೇಳಿ.

ಈ ಮದ್ದು ದೇಹದಲ್ಲಿ ಬಹಳ ಕಾಲ ಉಳಿಯುತ್ತದೆ. ಆ ದೇಹವನ್ನು ತಿಂದ ಹದ್ದು, ನಾಯಿ, ನರಿ ಸಾಯಬಹುದು. ಕಸದ ಗುಂಡಿಯ ಬಳಿ ಎಸೆಯುವುದು, ಮೇಲೆ ಮೇಲೆ ಮಣ್ಣೆಳೆಯುವುದು ಬೇಡ.

ಹೂಳುವಾಗ ಉಪ್ಪು ಯಾಕೆ?

ಹೂಳುವ ಗುಂಡಿಗೆ ಕಲ್ಲುಪ್ಪು ಸುರಿದರೆ ದೇಹ ಬೇಗ ಕರಗುತ್ತದೆ ಎಂದು ಹೇಳುತ್ತಾರೆ. ಉಪ್ಪಿನಕಾಯಿ ಹಾಕುವವರಿಗೆ ಇದು ತಮಾಷೆಯಾಗಿ ಕಾಣಬೇಕು. ಉಪ್ಪು ನೀರಿನಂಶ ಹೀರಿ ಸೂಕ್ಷ್ಮಜೀವಿಗಳನ್ನು ತಡೆಯುತ್ತದೆ, ಅಂದರೆ ಕೊಳೆಯುವುದನ್ನು ನಿಧಾನ ಮಾಡುತ್ತದೆ. ಸುಣ್ಣವೂ ಹಾಗೆಯೇ. ವಾಸನೆ ಕಡಿಮೆ ಮಾಡುತ್ತದೆ, ಆದರೆ ಹಂದಿಯ ದೇಹಗಳನ್ನು ಹೂಳಿ ಮಾಡಿದ ಪ್ರಯೋಗಗಳಲ್ಲಿ ಸುಣ್ಣ ಹಾಕಿದ್ದು ತಡವಾಗಿಯೇ ಕೊಳೆಯಿತು. ಬೇಕಾದದ್ದು ಆಳ. ಮೂರು ನಾಲ್ಕು ಅಡಿ ಮಣ್ಣು ಮೇಲಿರಬೇಕು, ಬಾವಿ ಮತ್ತು ಬೋರ್‌ವೆಲ್‌ನಿಂದ ದೂರ ಇರಬೇಕು, ಪ್ಲಾಸ್ಟಿಕ್ ಚೀಲದ ಬದಲು ಹತ್ತಿಬಟ್ಟೆ ಸುತ್ತಬೇಕು. ಎತ್ತುವವರು ಕೈಗವಸು ಹಾಕಿಕೊಳ್ಳಲಿ. ಇಲಿಜ್ವರದ ಬ್ಯಾಕ್ಟೀರಿಯಾ ನಾಯಿಯ ಮೂತ್ರದಲ್ಲೂ ಇರಬಹುದು, ಅದು ಮನುಷ್ಯರಿಗೆ ಹರಡುತ್ತದೆ. ಮೇಲೊಂದು ಗಿಡ ನೆಡುವುದು ಚೆನ್ನಾಗಿಯೇ ಇದೆ.

ಬಾಗಿಲ ಬಳಿ ಉಗುರಿನ ಸದ್ದು ಕೇಳುತ್ತದೆ, ಆತ್ಮವೇ?

ನಾಯಿ ಹೋದ ಮೇಲೆ ವಾರಗಟ್ಟಲೆ ಟೈಲ್ಸ್ ಮೇಲೆ ಉಗುರಿನ ಟಿಕ್‌ಟಿಕ್ ಕೇಳಿಸುತ್ತದೆ, ಮೊಸರನ್ನ ಕಲಸುವಾಗ ಕಾಲ ಬಳಿ ಯಾರೋ ಬಂದಂತಾಗುತ್ತದೆ. ಹದಿಮೂರು ದಿನ ಆತ್ಮ ಮನೆಯಲ್ಲೇ ಸುತ್ತುತ್ತದೆ ಎಂಬ ಸಂದೇಶ ಹೊರಡುವುದು ಈ ಅನುಭವದಿಂದ. ಅನುಭವ ಸುಳ್ಳಲ್ಲ, ನಿಮಗೆ ಹುಚ್ಚೂ ಹಿಡಿದಿಲ್ಲ. 1971ರಲ್ಲಿ ಪ್ರಕಟವಾದ ಅಧ್ಯಯನಕ್ಕಾಗಿ ವೇಲ್ಸ್‌ನ ವೈದ್ಯರೊಬ್ಬರು ಸಂಗಾತಿಯನ್ನು ಕಳೆದುಕೊಂಡ 293 ಜನರನ್ನು ಮಾತಾಡಿಸಿದ್ದರು. ಹೆಚ್ಚುಕಡಿಮೆ ಅರ್ಧದಷ್ಟು ಜನ, ತೀರಿಕೊಂಡವರು ಹತ್ತಿರ ಇದ್ದಂತೆ ಅನ್ನಿಸಿದ್ದು, ಕಂಡದ್ದು ಅಥವಾ ದನಿ ಕೇಳಿದ್ದು ಹೇಳಿದರು. ಹಲವರು ಅಲ್ಲಿಯವರೆಗೆ ಯಾರಿಗೂ ಹೇಳಿರಲಿಲ್ಲ. ನಾಯಿಯನ್ನು ಕಳೆದುಕೊಂಡವರೂ ಇದನ್ನೇ ಹೇಳುತ್ತಾರೆ. ನಮ್ಮ ಮೆದುಳು ಕಿವಿಗೆ ಬಂದದ್ದನ್ನು ಮಾತ್ರ ಕೇಳಿಸುವುದಿಲ್ಲ, ಈಗ ಏನು ಕೇಳಬೇಕು ಎಂದು ಮೊದಲೇ ಊಹಿಸಿ ಇಟ್ಟುಕೊಂಡಿರುತ್ತದೆ. ಐನೂರು ದಿನ ಆರು ಗಂಟೆಗೆ ಬಂದ ಸದ್ದನ್ನು ಐನೂರ ಒಂದನೇ ದಿನವೂ ಅದು ಕಾಯುತ್ತದೆ. ಫ್ರಿಜ್ಜಿನ ಸಣ್ಣ ಸದ್ದನ್ನೇ ಹೆಜ್ಜೆ ಎಂದು ಓದಿಬಿಡುತ್ತದೆ.

ಒಂದು ನಾಯಿಗೆ ಇಷ್ಟೊಂದಾ ಎಂದು ಕೇಳುವವರು ಇರುತ್ತಾರೆ. ಇಂಥ, ಸುತ್ತಲಿನವರು ಲೆಕ್ಕಕ್ಕೆ ತೆಗೆದುಕೊಳ್ಳದ ದುಃಖಕ್ಕೆ ಮನೋವಿಜ್ಞಾನದಲ್ಲಿ ಹೆಸರೇ ಇದೆ. ರಜೆ ಸಿಗುವುದಿಲ್ಲ, ಯಾರೂ ಮಾತಾಡಿಸಲು ಬರುವುದಿಲ್ಲ, ಅಳು ಬಂದರೆ ಬಾತ್‌ರೂಮಿಗೆ ಹೋಗಬೇಕು. ಹೇಳಿಕೊಳ್ಳಲಾಗದ ದುಃಖ ಹೆಚ್ಚು ದಿನ ಕಾಡುತ್ತದೆ. ಮಕ್ಕಳಿಗೆ ಓಡಿಹೋಯಿತು, ನಿದ್ದೆ ಮಾಡುತ್ತಿದೆ ಎಂದು ಹೇಳಬೇಡಿ. ಓಡಿಹೋಯಿತು ಎಂದರೆ ಬಾಗಿಲಲ್ಲಿ ಕಾಯುತ್ತಾರೆ, ನಿದ್ದೆ ಎಂದರೆ ತಾವು ಮಲಗಲು ಹೆದರುತ್ತಾರೆ. ಸತ್ತುಹೋಯಿತು, ಇನ್ನು ಬರುವುದಿಲ್ಲ ಎಂದೇ ಹೇಳಿ, ಜೊತೆಗೆ ಕೂತು ಅಳಿ.

ಮನೆಯಲ್ಲಿ ಇನ್ನೊಂದು ನಾಯಿ ಇದ್ದರೆ ಅದನ್ನೂ ಗಮನಿಸಿ. ಇಟಲಿಯ ಸಂಶೋಧಕರು 426 ಜನ ಮಾಲೀಕರನ್ನು ಕೇಳಿ 2022ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 86 ಶೇಕಡಾ ಜನ, ಜೊತೆಯ ನಾಯಿ ಸತ್ತ ಮೇಲೆ ಉಳಿದದ್ದರ ನಡತೆ ಬದಲಾಯಿತು ಎಂದರು: ಆಟ ಕಡಿಮೆ, ಊಟ ಕಡಿಮೆ, ನಿದ್ದೆ ಹೆಚ್ಚು, ಹಿಂದೆ ಹಿಂದೆ ಸುತ್ತುವುದು ಹೆಚ್ಚು. ಇದು ಮಾಲೀಕರು ಹೇಳಿದ್ದು, ನಾಯಿ ಹೇಳಿದ್ದಲ್ಲ. ಮನೆಯವರ ದುಃಖವೇ ಅದಕ್ಕೂ ತಟ್ಟಿರಬಹುದು. ಎರಡು ದಿನ ಪೂರ್ತಿ ಊಟ ಬಿಟ್ಟರೆ ಕೊರಗು ಎಂದು ಸುಮ್ಮನಿರದೆ ವೈದ್ಯರಿಗೆ ತೋರಿಸಿ. ಮೊದಲನೆಯದಕ್ಕೆ ಬಂದ ಕಾಯಿಲೆಯೇ ಇರಬಹುದು.

ಕೊರಗಿ ಸತ್ತ ಹಾಚಿಕೊ?

ನಾಯಿಯ ನಿಷ್ಠೆಯ ಮಾತು ಬಂದರೆ ಜಪಾನಿನ ಹಾಚಿಕೊ ಬಂದೇ ಬರುತ್ತಾನೆ. ಒಡೆಯ ಪ್ರೊಫೆಸರ್ ಉಯೆನೊ 1925ರ ಮೇ ತಿಂಗಳಲ್ಲಿ ತೀರಿಕೊಂಡರು. ಹಾಚಿಕೊ ಟೋಕಿಯೊದ ಶಿಬುಯಾ ರೈಲು ನಿಲ್ದಾಣಕ್ಕೆ ಬಂದು ಕಾಯುತ್ತಿದ್ದದ್ದು ನಿಜ, ಬದುಕಿದ್ದಾಗಲೇ 1934ರಲ್ಲಿ ಅವನ ಪ್ರತಿಮೆ ನಿಂತದ್ದೂ ನಿಜ. ಒಡೆಯನಿಗಾಗಿ ಕೊರಗಿ ಪ್ರಾಣಬಿಟ್ಟ ಎಂಬುದು ಮಾತ್ರ ನಿಜವಲ್ಲ. ಸತ್ತದ್ದು ಒಡೆಯ ಹೋದ ಸುಮಾರು ಹತ್ತು ವರ್ಷದ ಬಳಿಕ, 1935ರ ಮಾರ್ಚ್ 8ರಂದು. ಅವನ ಅಂಗಾಂಗಗಳನ್ನು ಟೋಕಿಯೊ ವಿಶ್ವವಿದ್ಯಾಲಯ ಕಾದಿಟ್ಟಿತ್ತು. 2011ರಲ್ಲಿ ಮತ್ತೆ ಪರೀಕ್ಷಿಸಿದಾಗ ಶ್ವಾಸಕೋಶ ಮತ್ತು ಹೃದಯದಲ್ಲಿ ಕ್ಯಾನ್ಸರ್ ಕಂಡಿತು. ಹೃದಯದಲ್ಲಿ ಸೊಳ್ಳೆಯಿಂದ ಬರುವ ಹುಳುವಿನ ಸೋಂಕೂ ಇತ್ತು. ಅಷ್ಟು ಕಾಯಿಲೆ ಹೊತ್ತು ನಿಲ್ದಾಣಕ್ಕೆ ನಡೆದು ಬರುತ್ತಿದ್ದ ಎಂದುಕೊಂಡರೆ ನಮಗಂತೂ ಅವನ ಮೇಲಿನ ಪ್ರೀತಿ ಕಡಿಮೆಯಾಗಲಿಲ್ಲ.

ಇನ್ನೂ ಹಿಂದೆ ಹೋದರೆ, ಜರ್ಮನಿಯ ಬಾನ್ ನಗರದ ಬಳಿ ಓಬರ್‌ಕಾಸೆಲ್‌ನಲ್ಲಿ 1914ರಲ್ಲಿ ಸಿಕ್ಕ ಒಂದು ಗುಂಡಿ. ಸುಮಾರು 14,000 ವರ್ಷ ಹಳೆಯದು. ಒಬ್ಬ ಗಂಡಸು, ಒಬ್ಬ ಹೆಂಗಸು, ಜೊತೆಗೆ ಒಂದು ನಾಯಿಮರಿ. ಮರಿಯ ಹಲ್ಲಿನ ಎನಾಮೆಲ್ ಮೇಲೆ ಗೆರೆಗೆರೆಯಾಗಿ ಉಳಿದ ಗುರುತು ನೋಡಿ ಸಂಶೋಧಕರು 2018ರಲ್ಲಿ ಹೇಳಿದ್ದು: ಇದಕ್ಕೆ ಡಿಸ್ಟೆಂಪರ್ ಬಂದಿತ್ತು, ವಾರಗಟ್ಟಲೆ ಕಾಯಿಲೆ ಬಿದ್ದಿತ್ತು, ಏಳು ತಿಂಗಳು ತುಂಬುವ ಹೊತ್ತಿಗೆ ಸತ್ತಿತ್ತು. ಯಾರೋ ನೀರು ಕುಡಿಸಿ, ಬೆಚ್ಚಗಿಟ್ಟು, ಶುಚಿ ಮಾಡದೆ ಅಷ್ಟು ದಿನ ಬದುಕಿರಲು ಸಾಧ್ಯವಿರಲಿಲ್ಲ. ಬೇಟೆಗೂ ಕಾವಲಿಗೂ ಬಾರದ ಒಂದು ರೋಗಿ ಮರಿಗೆ ಶಿಲಾಯುಗದಲ್ಲಿ ಯಾರೋ ರಾತ್ರಿ ಎದ್ದು ನೀರು ಕೊಟ್ಟಿದ್ದಾರೆ. ಆ ಡಿಸ್ಟೆಂಪರ್‌ಗೆ ಇವತ್ತು ಲಸಿಕೆ ಇದೆ, ಪಾರ್ವೊ ಲಸಿಕೆಯ ಜೊತೆಗೇ ಒಂದೇ ಸೂಜಿಯಲ್ಲಿ ಬರುತ್ತದೆ.

ನಮ್ಮ ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಕಾಳಿ ಎಂಬ ನಾಯಿಗೆ ಕಲ್ಲು ನಿಲ್ಲಿಸಿದ್ದಾರೆ. ಕಾಲ ಕ್ರಿ.ಶ. 949-50. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೇರನಿಗೆ ಗಂಗರ ದೊರೆ ಬೂತುಗ ಏನು ಬೇಕು ಕೇಳು ಎಂದಾಗ ಅವನು ಕೇಳಿದ್ದು ಈ ಬೇಟೆನಾಯಿಯನ್ನು. ಆಮೇಲೆ ಒಂದು ಕಾಡುಹಂದಿಯ ಜೊತೆ ಕಾದಾಡಿ ಹಂದಿಯೂ ಕಾಳಿಯೂ ಸತ್ತವು. ಎರಡೂ ಕಾದಾಡುತ್ತಿರುವ ಚಿತ್ರವನ್ನು ಕಲ್ಲಿನ ಮೇಲೆ ಕೆತ್ತಿಸಿ, ಭೂಮಿ ದಾನಬಿಟ್ಟು, ಈ ಕಲ್ಲಿಗೆ ಪೂಜೆ ಮಾಡದೆ ಪೂಜಾರಿ ಉಣ್ಣಬಾರದು ಎಂದು ಬರೆಸಿದರು. ಶಾಸನ ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ, ಕಬ್ಬನ್ ಪಾರ್ಕಿಗೆ ಹೋದಾಗ ನೋಡಿ ಬನ್ನಿ. ಕಾಳಿ ಯಾರ ಗಂಡಾಂತರವನ್ನೂ ಒಯ್ದಳೆಂದು ಅದರಲ್ಲಿಲ್ಲ. ಹೇಗೆ ಸತ್ತಿತೋ ಹಾಗೇ ಬರೆಸಿದ್ದಾರೆ.

ಕರಿಯನ ಮನೆಯಲ್ಲಿ ಈಗ ಒಂದು ಹೆಣ್ಣುನಾಯಿ ಇದೆ. ಎರಡು ವರ್ಷದ್ದು, ಬೀದಿಯಿಂದ ತಂದದ್ದು, ಲಸಿಕೆಯ ಸರಣಿ ಮುಗಿಸಿಕೊಂಡೇ ಗೇಟು ದಾಟಿತು. ಗೋಣಿತಾಟು ಸುಟ್ಟರು, ತಟ್ಟೆ ಎಸೆದರು. ಕೊರಳಪಟ್ಟಿಯನ್ನು ಮಾತ್ರ ಅಜ್ಜ ಬಿಡಲಿಲ್ಲ. ಅದನ್ನು ಬ್ಲೀಚ್ ನೀರಿನಲ್ಲಿ ನೆನೆಹಾಕಿ ತೊಳೆದರು, ಬಣ್ಣ ಪೂರಾ ಹೋಯಿತು. ಈಗ ಜಗಲಿಯ ಮೊಳೆಯಲ್ಲಿ ಅವರ ಛತ್ರಿಯ ಪಕ್ಕ ನೇತುಬಿದ್ದಿದೆ. ಕರಿಯನ ವಿಡಿಯೊಗಳು ವಾಟ್ಸಾಪ್‌ನಲ್ಲಿ ಹೋಗಿ ಬಂದು ಮಸುಕಾಗಿದ್ದವು. ಹಳೇ ಫೋನಿನಲ್ಲಿದ್ದ ಮೂಲ ಪ್ರತಿಗಳನ್ನು ಮೊಮ್ಮಗಳು ಹುಡುಕಿ ಬೇರೆ ಕಡೆ ಉಳಿಸಿಟ್ಟಿದ್ದಾಳೆ. ಒಂದರಲ್ಲಿ ಹಾಲಿನವನ ಬೆಲ್ಲು ಕೇಳುತ್ತದೆ, ಕರಿಯ ಕಾಣುವುದಿಲ್ಲ, ಕ್ಯಾಮೆರಾ ತಿರುಗುವಷ್ಟರಲ್ಲಿ ಗೇಟು ಮುಟ್ಟಿಬಿಟ್ಟಿದ್ದಾನೆ.